ಪೂಜೆಗೆ ಕೂತ ಹಾರ್ಡ್ ಡಿಸ್ಕ್

೯ ಅಕ್ಟೋಬರ್ ೧೯೯೭, ಗುರುವಾರ

ಅಕ್ಕಲಕೋಟೆಯ ಚರಿತ್ರೆ ಬರೆಯುವವರು ಯಾರಾದರೂ ಇದ್ದರೆ ಈ ದಿನಕ್ಕೊಂದು ಗುರುತು ಹಾಕಿಕೊಳ್ಳಲಿ. ಸಂಜೆ ಆರೂವರೆಗೆ ನಮ್ಮ ಓಣಿಗೆ ಮೊಟ್ಟಮೊದಲ ಕಂಪ್ಯೂಟರ್ ಬಂತು. ತಂದವನು ಹನ್ನೂರಿನ ಖಂಡಪ್ಪ, ಅಂದರೆ ನಾನು.

ಸೊಲ್ಲಾಪುರದ ನವಿ ಪೇಠದಲ್ಲಿ ಕೌಶಿಕನ ಅಂಗಡಿ. ಬಡಿಗ ಬಂಡಿ ಕಟ್ಟಿದ ಹಾಗೆ ಬಿಡಿ ಸಾಮಾನು ಕೂಡಿಸಿ ಕಂಪ್ಯೂಟರ್ ಕಟ್ಟಿಕೊಡುತ್ತಾನೆ. ಎಲ್ಲ ಕೂಡಿಸಿಯಾದ ಮೇಲೆ, “ಥಾಂಬಾ, ಒಂದು ತಾಸು ನಿಲ್ರಿ ಮಾಮಾ, ವಿಂಡೋಸ್ ಹಾಕಿ ಕೊಡ್ತೀನಿ” ಎಂದ. ವಿಂಡೋಸ್ ಇಲ್ಲದ ಕಂಪ್ಯೂಟರ್ ಎಂದರೆ ಮಾತು ಬಾರದ ಕೂಸಂತೆ. ನಾನು ಕೈ ಅಡ್ಡ ಹಿಡಿದೆ.

“ಬ್ಯಾಡ. ಕೂಸಿನ ಮೊದಲನೇ ಮಾತು ಹಡದವರ ಮನ್ಯಾಗ ಆಗಬೇಕು. ನಾಡದು ದಸರಾ. ನಾವೇ ಹಾಕ್ಕೊಂತೀವಿ.”

“ಮಾಮಾ, ಇದು ಚಾದರ ಹಾಸಿದಂಗ ಅಲ್ರಿ. ಬರ್ತದೇನ್ ನಿಮಗ?”

“ಚಾದರ ಅಂಗಡ್ಯಾಗ ಹನ್ನೊಂದು ವರ್ಷ ಗಿರಾಕಿ ಸಂಭಾಳಿಸೀನಿ. ಈ ಡಬ್ಬಿ ಏನು ಮಹಾ!”

ಅಂಗಡಿಯಲ್ಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಇಂಥ ಹೊತ್ತಿನಲ್ಲಿ ನನ್ನ ಎದೆ ಒಂದು ಗೇಣು ಅಗಲವಾಗುತ್ತದೆ.

ಯಂತ್ರ ಇರುವುದು ನನ್ನ ಅಕ್ಕ ದ್ವಾರಕಾಳ ಮಗಳು ಮಂಜರಿಗಾಗಿ; ನಾನು ಇರುವುದೂ ಅಕ್ಕನ ಮನೆಯಲ್ಲೇ. ಬಿ.ಕಾಂ. ಮುಗಿಸಿ ಆರು ತಿಂಗಳು ಸೊಲ್ಲಾಪುರಕ್ಕೆ ಓಡಾಡಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದನ್ನು ಕಲಿತಿದ್ದಾಳೆ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಕನ್ನಡ, ಮರಾಠಿ ಎರಡರಲ್ಲೂ ಲಗ್ನಪತ್ರಿಕೆ ಮಾಡಿಕೊಡುವುದು ಅವಳ ಆಸೆ. ನಾನು ಏಳನೇ ತರಗತಿಯವರೆಗೆ ಕಲಿತ ಹನ್ನೂರಿನ ಕನ್ನಡ ಶಾಲೆಯವರು ತಮ್ಮ ಸ್ನೇಹಸಮ್ಮೇಳನದ ಪತ್ರಿಕೆಯನ್ನು ಅವಳಿಗೇ ಕೊಡುವುದಾಗಿ ಹೇಳಿದ್ದಾರೆ. ಅವಳು ಎರಡು ವರ್ಷ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟದ್ದರಿಂದ ಕೊಂಡದ್ದು ನಿಜ. ಆದರೆ ಚೌಕಾಶಿ ಮಾಡಿದವನು, ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ತಂದವನು ನಾನು. ಹಾಗಾಗಿ ‘ನನ್ನ ಕಂಪ್ಯೂಟರ್’ ಎಂದೇ ಬರೆಯುತ್ತೇನೆ.

ಬಸ್ಸಿನಲ್ಲಿ ವಳಸಂಗದ ಹಣಮಂತಪ್ಪ ಸಿಕ್ಕ. ನಾನು ಚಾದರ ಅಂಗಡಿಗೆ ಹೋಗುವ ಬಸ್ಸಿನಲ್ಲೇ ದಿನಾ ಸೊಲ್ಲಾಪುರದ ಬಟ್ಟೆ ಗಿರಣಿಗೆ ಹೋಗಿಬರುವವನು, ನನ್ನ ಕಥೆಗಳ ಕಾಯಂ ಗಿರಾಕಿ.

“ಏನೋ ಖಂಡಪ್ಪ, ಟೀವಿ ತಗೊಂಡೇನು?”

“ಟೀವಿ ನಾವು ನೋಡ್ತೀವಿ. ಇದು ನಮ್ಮನ್ನ ನೋಡ್ತದ.”

ಪಾಪ, ವಳಸಂಗ ಬರುವವರೆಗೂ ಹಣಮಂತಪ್ಪ ಆ ಪೆಟ್ಟಿಗೆಯ ಕಡೆ ಬೆನ್ನು ಮಾಡಲಿಲ್ಲ.

೧೦ ಅಕ್ಟೋಬರ್, ಶುಕ್ರವಾರ

ಖಂಡೇನವಮಿ. ಆಯುಧಪೂಜೆಯ ದಿನ. ನನ್ನ ಹೆಸರಿನ ಹಬ್ಬ ಎಂದು ಸಣ್ಣಂದಿನಿಂದ ಹೇಳಿಕೊಂಡು ಬಂದಿದ್ದೇನೆ. ಇದುವರೆಗೆ ಯಾರೂ ಅಲ್ಲ ಎಂದಿಲ್ಲ.

ಅಕ್ಕ ಬೆಳಿಗ್ಗೆ ಕಂಪ್ಯೂಟರಿನ ಹೊರಮೈಗೆ ಕುಂಕುಮ ಹಚ್ಚಿ, ಮೇಲೆ ಚೆಂಡುಹೂ ಇಟ್ಟು, ಎಲ್ಲರನ್ನೂ ಕರೆದುಕೊಂಡು ಗುಡಿಗೆ ಹೋದಳು. ನನಗೆ ಸಮಾಧಾನವಾಗಲಿಲ್ಲ. ಚಾದರ ಅಂಗಡಿಗೆ ಬರುವ ಮೊದಲು ಆರು ವರ್ಷ ಮಗ್ಗ ನಡೆಸಿದವನು ನಾನು. ಖಂಡೇನವಮಿಗೆ ಮಗ್ಗದಿಂದ ಲಾಳಿಯನ್ನು ಹೊರಗೆ ತೆಗೆದು, ಒರೆಸಿ, ದೇವರ ಮುಂದೆ ಕೂಡಿಸುತ್ತೇವೆ. ಮಗ್ಗದ ಜೀವ ಇರುವುದು ಲಾಳಿಯಲ್ಲಿ. ಜೀವವನ್ನು ಒಳಗೇ ಬಿಟ್ಟು ಕಟ್ಟಿಗೆಗೆ ಪೂಜೆ ಮಾಡಿದರೆ ಏನು ಬಂತು? ಕಂಪ್ಯೂಟರಿನ ಜೀವ ಹಾರ್ಡ್ ಡಿಸ್ಕಿನಲ್ಲಿ ಎಂದು ಕೌಶಿಕನೇ ಬೆರಳಿಟ್ಟು ತೋರಿಸಿದ್ದ.

ತಿರುಪುಗಳನ್ನು ಬಿಚ್ಚಿ ತೆಗೆದೆ. ಶೇಂಗಾ ಚಟ್ನಿಯ ಪೊಟ್ಟಣದಷ್ಟಿದೆ, ತೂಕ ಮಾತ್ರ ಕಲ್ಲು. ಹಿಂಬದಿಯಲ್ಲಿ ಸಣ್ಣ ಸಣ್ಣ ತಂತಿಮೊಳೆಗಳು. ಅವುಗಳಲ್ಲಿ ಎರಡಕ್ಕೆ ಸೇರಿಸಿ ತೊಗರಿಬೇಳೆಯಷ್ಟು ಚಿಕ್ಕ ಕರಿ ಟೊಪ್ಪಿಗೆಯೊಂದನ್ನು ಹಾಕಿದ್ದರು. ಹೊಸ ಯಂತ್ರಗಳಿಗೆ ಧೂಳು ಹೋಗದಿರಲೆಂದು ಕಂಪನಿಯವರು ಇಂಥ ಬಿರಡೆ ಚುಚ್ಚಿರುತ್ತಾರೆ. ಹೊಸ ಮಗ್ಗ ಬಂದಾಗ ನಾನೇ ಮುಷ್ಟಿಗಟ್ಟಲೆ ಕಿತ್ತಿದ್ದೇನೆ. ಇದನ್ನೂ ಕಿತ್ತೆ. ದೇವರ ಮುಂದೆ ಇಳಿಸಿದ್ದನ್ನು ಕಸಕ್ಕೆ ಹಾಕಬಾರದೆಂದು ಅಕ್ಕನ ಬೆಳ್ಳಿಯ ಕುಂಕುಮದ ಭರಣಿಯಲ್ಲಿ ಹಾಕಿದೆ. ಡಿಸ್ಕಿಗೆ ಐದು ಬೊಟ್ಟು ಕುಂಕುಮವಿಟ್ಟು, ಇಪ್ಪತ್ತು ನಿಮಿಷ ದೇವರ ಮುಂದೆ ಕೂಡಿಸಿ, ಧೋತರದ ಚುಂಗಿನಿಂದ ಒರೆಸಿ, ಇದ್ದ ಹಾಗೆ ಕೂಡಿಸಿದೆ. ಒಂದು ತಿರುಪು ಉಳಿಯಿತು. ಕೌಶಿಕ ಹೆಚ್ಚಿಗೆ ಹಾಕಿರಬೇಕು.

ಯಾರಿಗೂ ಹೇಳಿಲ್ಲ. ಗುಪ್ತ ಪೂಜೆಗೆ ಫಲ ಹೆಚ್ಚು.

೧೧ ಅಕ್ಟೋಬರ್, ದಸರಾ

ಮುಹೂರ್ತಕ್ಕೆ ಸರಿಯಾಗಿ ಎಲ್ಲರೂ ಮುಂದಿನ ಕೋಣೆಯಲ್ಲಿ ಸೇರಿದೆವು. ಭಾವ ದಿಗಂಬರರಾಯರು ತಹಸೀಲ ಕಚೇರಿಯ ಹೆಡ್ ಕ್ಲಾರ್ಕ್. ಕೈಕಟ್ಟಿ ನಿಂತರೆಂದರೆ ಕಚೇರಿಯೇ ನಿಂತ ಹಾಗೆ. ಮಂಜರಿ ಫ್ಲಾಪಿ ಹಾಕಿದಳು, ಸೀಡಿ ಹಾಕಿದಳು, ಗುಂಡಿ ಒತ್ತಿದಳು. ಕರಿ ಪರದೆಯ ಮೇಲೆ ಬಿಳಿ ಅಕ್ಷರ ಓಡಿದವು. ನಾನು ಚಪ್ಪಾಳೆ ತಟ್ಟಿದೆ. ಮಂಜರಿ ತಟ್ಟಲಿಲ್ಲ.

“ಹಾರ್ಡ್ ಡಿಸ್ಕೇ ಇಲ್ಲ ಅಂತದ” ಎಂದಳು.

ಭಾವ ನನ್ನ ಕಡೆ ನೋಡಿದರು. “ಖಾಲಿ ಡಬ್ಬಿ ಹೊತ್ಕೊಂಡು ಬಂದ್ಯೇನೋ ಖಂಡಪ್ಪ?”

“ಹಂಗ ಇದ್ರ ಆ ಕೌಶಿಕನ್ನ ನವಿ ಪೇಠದಾಗ ಉಲ್ಟಾ ತೂಗ ಹಾಕ್ತೀನಿ!”

ಮಂಜರಿ ಪೆಟ್ಟಿಗೆಯ ಪಕ್ಕ ತೆಗೆದು ನೋಡಿದಳು. “ಅದರಿ ಅಪ್ಪಾ, ಇಲ್ಲೇ ಅದ. ನಮಗ ಕಾಣಸ್ತದ, ಯಂತ್ರಕ್ಕ ಕಾಣಸವಲ್ದು.”

ಒಂದು ತಾಸು ತಿಣುಕಿದಳು. ಓಣಿಯವರು ಬನ್ನಿ ಕೊಡಲು ಬಂದು, “ಬಂಗಾರದಂಗ ಇರೂಣು” ಎಂದು ಹೇಳಿ, ಪರದೆಯ ಮೇಲಿನ ಅದೇ ಸಾಲನ್ನು ನೋಡಿ, ಹೋದರು.

ರಾತ್ರಿ ಊಟಕ್ಕೆ ಕೂತಾಗ ಭಾವ ಶಾಂತವಾಗಿಯೇ ಹೇಳಿದರು. “ನೋಡು ಮಂಜರಿ. ಮುಂದಿನ ಆ ಖೋಲಿ ಬಾಡಿಗಿಗೆ ಬೇಕಂತ ತೆಂಗಿನಕಾಯಿ ವ್ಯಾಪಾರದ ಕಲ್ಲಣ್ಣ ಕೇಳ್ಯಾನ. ನಿನಗ ಅಂತ ತಡದೀನಿ. ಪಂಚಾಂಗ ನೋಡಬೇಕಿಲ್ಲದ ಮುಹೂರ್ತ ವರ್ಷಕ್ಕ ಮೂರೂವರಿ, ದಸರಾದ್ದು ಪೂರ್ತಿ ಒಂದು ಹೋತು. ಇನ್ನ ದೀಪಾವಳಿ ಪಾಡವ್ಯಾದ್ದು ಅರ್ಧ ಉಳದದ. ಅಷ್ಟರಾಗ ಚಾಲೂ ಆಗ್ಲಿಲ್ಲಂದ್ರ ಖೋಲಿ ಕಲ್ಲಣ್ಣಗ. ನೀ ಬ್ಯಾಂಕಿನ ಪರೀಕ್ಷಾಕ್ಕ ಓದು.”

ಮಂಜರಿ “ಹ್ಞೂಂ” ಎಂದಳು. ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ. ಚಿಂತೆ ಏಕೆ, ಇನ್ನೂ ಮೂರು ವಾರ ಇದೆ. ಮತ್ತು ಖಂಡಪ್ಪ ಇದ್ದಾನೆ.

೧೩ ಅಕ್ಟೋಬರ್, ಸೋಮವಾರ

ಕೌಶಿಕನ ಬೆವರಿಳಿಸಿದೆ. ಬರೀ ‘ಡಿಸ್ಕ್ ಇಲ್ಲ ಅಂತದ’ ಎಂದರೆ ಯಾರು ಎದ್ದು ಕೂಡುತ್ತಾರೆ? ಸ್ವಲ್ಪ ಒಗ್ಗರಣೆ ಹಾಕಿದೆ. ಪರದೆಯ ಮೇಲೆ ಕೆಂಪು ಅಕ್ಷರ ಬಂದವು, ಒಳಗಿಂದ ಕುರಿ ಕೆಮ್ಮಿದಂಥ ಸಪ್ಪಳ ಬಂತು ಎಂದೆ.

“ಕೆಂಪು ಅಕ್ಷರಾ? ಅಲ್ಲಿ ಕೆಂಪು ಬರೂದಿಲ್ರಿ ಮಾಮಾ.”

“ನಮ್ಮ ಮನ್ಯಾಗ ಬಂತು.”

ತಲೆ ಕೆರೆದುಕೊಂಡು ಬೇರೆ ಸೀಡಿ ಕೊಟ್ಟ. “ಇದಕ್ಕೂ ಆಗ್ಲಿಲ್ಲಂದ್ರ ಡಬ್ಬೀನೇ ತಗೊಂಡು ಬರ್ರಿ, ಬಿಚ್ಚಿ ನೋಡ್ತೀನಿ” ಎಂದ.

ಅದೇಕೋ ನನಗೆ ಹಿಡಿಸಲಿಲ್ಲ. ಪೂಜೆಯಾದ ಯಂತ್ರವನ್ನು ಬಸ್ಸಿನಲ್ಲಿ ಸುಮ್ಮಸುಮ್ಮನೆ ಕುಲುಕಾಡಿಸುವುದು ಒಳ್ಳೆಯದಲ್ಲ. ನೀನೇ ಬಾ ಎಂದೆ. ಹಬ್ಬದ ಗಿರಾಕಿ ಬಿಟ್ಟು ದೀಪಾವಳಿಯವರೆಗೆ ಅಲ್ಲಾಡುವಂತಿಲ್ಲವಂತೆ.

ಹೊಸ ಸೀಡಿಗೂ ಅದೇ ಸಾಲು.

೧೬ ಅಕ್ಟೋಬರ್, ಗುರುವಾರ

ಈ ಸಲ ಕೌಶಿಕ ಕುರಿಯ ಕೆಮ್ಮಿಗೆ ಔಷಧಿ ಎಂದು ಹೊಸ ತಂತಿ ಕೊಟ್ಟಿದ್ದ, ಚಪ್ಪಟೆ ಲಾಡಿಯಂಥದ್ದು. ಆಗಲಿಲ್ಲ. ಮಂಜರಿ ನನ್ನ ಮುಂದೆ ಬಂದು ಕೂತಳು.

“ಮಾಮಾ, ಅಲ್ಲಿ ಏನ್ ಹೇಳ್ತೀ ಖರೇ ಹೇಳು.”

“ಇದ್ದದ್ದು ಇದ್ದಂಗ.”

“ಕುರಿ ಕೆಮ್ಮಿದ್ದು?”

ಕೌಶಿಕ ತಂತಿಯ ಜೊತೆ ಚೀಟಿ ಬರೆದು ಕೇಳಿದ್ದನಂತೆ, ಕುರಿ ಈಗ ಹೇಗಿದೆ ಎಂದು. ಇಂಗ್ಲಿಷಿನಲ್ಲಿ ಬರೆದಿದ್ದರಿಂದ ನನಗೆ ಓದಲು ಬರಲಿಲ್ಲ. ಮೋಸ.

“ಇನ್ನ ಮ್ಯಾಲೆ ನಾ ಬರದು ಕೊಡ್ತೀನಿ. ನೀ ಬರೀ ಒಯ್ಯಿ. ಏನೂ ಕೂಡಸಬ್ಯಾಡ, ಏನೂ ಕಳೀಬ್ಯಾಡ.”

ಖಂಡಪ್ಪನನ್ನು ಅಂಚೆಯವನನ್ನಾಗಿ ಮಾಡಿದಳು. ಅವಮಾನವೇ. ಆದರೆ ಅವಳ ಕಣ್ಣ ಕೆಳಗೆ ಕಪ್ಪಾಗಿದ್ದದ್ದನ್ನು ನೋಡಿ ಸುಮ್ಮನಾದೆ.

೧೮ ಅಕ್ಟೋಬರ್, ಶನಿವಾರ

ಬಸ್ಸಿನಲ್ಲಿ ಮಾಡಲು ಕೆಲಸವಿಲ್ಲದೆ ಅವಳ ಚೀಟಿಯನ್ನು ನೋಡುತ್ತಾ ಕೂತೆ. ಪರದೆಯ ಮೇಲೆ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾಳೆ, ಕೆಳಗೆ ಕನ್ನಡದಲ್ಲಿ ಅರ್ಥ. ‘ಪ್ರೈಮರಿ ಮಾಸ್ಟರ್: ಇಲ್ಲ.’ ಮೊದಲನೇ ಯಜಮಾನ ಇಲ್ಲ ಎಂದಂತೆ. ಮಾಸ್ಟರ್ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಆರು ಅಕ್ಷರ. ಎಮ್ಮಿಗೆ ಎರಡು ಗುಡ್ಡ, ಎಸ್ಸು ಹಾವು, ಟೀ ಅಂದರೆ ತಕ್ಕಡಿಯ ಕಟ್ಟಿಗೆ. ವಳಸಂಗದಿಂದ ಸೊಲ್ಲಾಪುರದವರೆಗೆ ಹಸ್ತದ ಮೇಲೆ ಬೆರಳಿನಿಂದ ಬರೆದು ನೋಡಿದೆ.

“ಏನೋ ಖಂಡಪ್ಪ, ತುರಿಕೀನಾ?” ಎಂದ ಹಣಮಂತಪ್ಪ.

“ಇಂಗ್ಲಿಷ್” ಎಂದೆ.

ಇವತ್ತು ಕಥೆ ಇಲ್ಲವೇ ಎಂದು ಕೇಳಿದ. ಹೊತ್ತು ಇರಲಿಲ್ಲ.

೨೦ ಅಕ್ಟೋಬರ್, ಸೋಮವಾರ

ಕೌಶಿಕನ ಉತ್ತರ: ಯಂತ್ರ ಶುರುವಾಗುವಾಗ ಡಿಲೀಟ್ ಎಂಬ ಗುಂಡಿ ಹಿಡಿದರೆ ನೀಲಿ ಪರದೆ ಬರುತ್ತದೆ, ಅಲ್ಲಿ ಡಿಸ್ಕನ್ನು ಹುಡುಕು ಎಂದು ಯಂತ್ರಕ್ಕೇ ಹೇಳಬೇಕು. ನಾನು ಚೀಟಿ ಹಿಡಿದು ಕೂತೆ, ಮಂಜರಿ ಒತ್ತಿದಳು. ಹುಡುಕಿತು. ಸಿಗಲಿಲ್ಲ.

ಅವಳು ಪೆಟ್ಟಿಗೆಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡುತ್ತಿದ್ದವಳು ತಲೆ ಎತ್ತಿ, “ಮಾಮಾ, ಡಿಸ್ಕಿನ ಮಗ್ಗಲಿಗೆ ಕುಂಕುಮ ಹೆಂಗ ಬಂತು?” ಎಂದಳು.

“ಗಾಳೀಗೆ ಬಂದಿರಬೇಕು.”

ಸುಳ್ಳಲ್ಲ. ಕುಂಕುಮ ಹಗುರ, ಗಾಳಿಗೆ ಹಾರುತ್ತದೆ.

೨೧ ಅಕ್ಟೋಬರ್

ಬರೆಯುವಂಥದ್ದು ಏನೂ ಇಲ್ಲ. ಮಂಜರಿ ಊಟ ಮಾಡಲಿಲ್ಲ. ತಲೆನೋವಂತೆ.

೨೩ ಅಕ್ಟೋಬರ್, ಗುರುವಾರ

ಭಾವ ಕಲ್ಲಣ್ಣನನ್ನು ಕರೆತಂದಿದ್ದರು, ಕೋಣೆಯ ಅಳತೆಗೆ. ಟೇಪಿನ ಆ ತುದಿ ನನ್ನ ಕೈಗೇ ಕೊಟ್ಟರು! ಭಾವ ಒಳಗೆ ಹೋದಾಗ ಕಲ್ಲಣ್ಣನ ಕಿವಿಯಲ್ಲಿ ಹೇಳಿದೆ.

“ಖೋಲಿ ಛಲೋ ಅದ. ಇಲಿ ಮಾತ್ರ ಭಾಳ. ತೆಂಗಿನಕಾಯಿ ಅಂದ್ರ ಜುಟ್ಟ ಹಿಡದು ಎಳಕೊಂಡು ಹೋಗ್ತಾವ.”

“ಹೌದಾ? ನಮ್ಮನ್ಯಾಗ ಎಂಟು ಬೆಕ್ಕು ಅದಾವ” ಎಂದ ಕಲ್ಲಣ್ಣ, ನಗುತ್ತಾ.

ಮಂಜರಿ ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿ, ಅಳತೆಗೆ ಅಡ್ಡ ಬಾರದಂತೆ ಮೇಜನ್ನು ಒಂದು ಮೂಲೆಗೆ ಸರಿಸಿದಳು. ಒಬ್ಬಳೇ ಸರಿಸಿದಳು. ನನ್ನ ಕೈಯಲ್ಲಿ ಟೇಪು ಇತ್ತು.

೨೪ ಅಕ್ಟೋಬರ್, ಶುಕ್ರವಾರ

ಹುಡುಗಿ ಜಾಣೆ! ಸಂಜೆ ನಾನು ಬರುವ ಹೊತ್ತಿಗೆ ಬಾಗಿಲಲ್ಲೇ ನಿಂತಿದ್ದಳು. ಡಿಸ್ಕಿಗೂ ಸೀಡಿ ಓದುವ ಯಂತ್ರಕ್ಕೂ ಒಂದೇ ಲಾಡಿತಂತಿ. ಸೀಡಿಯಿಂದ ತಂತಿ ಬಿಚ್ಚಿ ನೋಡೋಣ ಎಂದು ಅವಳಿಗೆ ಹೊಳೆದಿದೆ. ಬಿಚ್ಚಿದ ಕೂಡಲೇ ನೀಲಿ ಪರದೆಯ ಮೇಲೆ ಡಿಸ್ಕಿನ ಹೆಸರು ಬಂತಂತೆ! ಸೀಡಿಗೆ ತಂತಿ ಚುಚ್ಚಿದರೆ ಮತ್ತೆ ಮಾಯ. ನನ್ನ ಮುಂದೆ ಮೂರು ಸಲ ಮಾಡಿ ತೋರಿಸಿದಳು.

“ಡಿಸ್ಕ್ ಒಂದೇ ಇದ್ರ ಮಾತಾಡ್ತದ, ಸೀಡಿ ಬಂದ್ರ ಬಾಯಿ ಮುಚ್ಚತದ. ಆದ್ರ ಸೀಡಿ ಇಲ್ಲದೇ ವಿಂಡೋಸ್ ಹೆಂಗ ಹಾಕೂದು? ಡಿಸ್ಕ್ ಜೀವಂತ ಅದ ಮಾಮಾ, ಅಷ್ಟಂತೂ ಖರೇ ಆತು.”

ಎರಡು ವಾರದಲ್ಲಿ ಮೊದಲ ಸಲ ನಕ್ಕಳು. ಚೀಟಿ ಬರೆದಳು. ಒಂದು ಮಾತನ್ನು ಎರಡು ಸಲ ಹೇಳಿದಳು: ಕಾಣಿಸಿದಾಗಲೂ ಅದರ ಹೆಸರು ಮೊದಲನೇ ಸಾಲಿನಲ್ಲಿ ಬರುತ್ತಿಲ್ಲ, ಎರಡನೇ ಸಾಲಿನಲ್ಲಿ ಬರುತ್ತಿದೆ. ಚೀಟಿ ಕಳೆದರೂ ಇರಲಿ ಎಂದು ಇಲ್ಲಿ ಬರೆದುಕೊಂಡಿದ್ದೇನೆ. ಎರಡನೇ ಸಾಲು. ಎರಡನೇ ಸಾಲು.

೨೫ ಅಕ್ಟೋಬರ್, ಶನಿವಾರ

ಕೌಶಿಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ‘ಎರಡನೇ ಸಾಲು’ ಎಂದ ಕೂಡಲೇ ಕೈಯಲ್ಲಿದ್ದ ಚಹಾ ಕೆಳಗಿಟ್ಟ.

“ಸಾಪಡ್ಲಾ! ಸಿಕ್ತು ನೋಡ್ರಿ! ಮಾಮಾ, ಒಂದು ತಂತಿಗೆ ಇಬ್ಬರು ಇದ್ರ ಒಬ್ಬ ದೊಡ್ಡಂವ, ಒಬ್ಬ ಸಣ್ಣಂವ ಅಂತ ಮೊದಲೇ ಹೇಳಬೇಕಾಗ್ತದ. ಸೀಡೀನ ನಾ ಸಣ್ಣಂವನ್ನ ಮಾಡೀನಿ. ನಿಮ್ಮ ಡಿಸ್ಕೂ ಸಣ್ಣಂವ ಆಗಿ ಕುಂತದ. ಇಬ್ಬರೂ ‘ನೀ ಮೊದಲು, ನೀ ಮೊದಲು’ ಅಂತ ಬಾಯಿ ಬಿಡವಲ್ರು. ಡಿಸ್ಕಿನ ಬೆನ್ನಿಗೆ ಇಂಥಾದೊಂದು ಇರ್ತದ, ನೋಡ್ರಿ. ಇದಿದ್ರ ದೊಡ್ಡಂವ, ಇಲ್ಲಂದ್ರ ಸಣ್ಣಂವ.”

ಸಣ್ಣ ಡಬ್ಬಿಯಿಂದ ತೆಗೆದು ನನ್ನ ಅಂಗೈಯಲ್ಲಿ ಹಾಕಿದ.

ತೊಗರಿಬೇಳೆಯಷ್ಟು. ಕಪ್ಪು.

“ನಾ ಖುದ್ದ ಹಾಕಿದ್ದೆ. ಹೆಂಗ ಬಿದ್ದದೋ! ತಾನಾಗಿ ಬೀಳೂದಿಲ್ಲ ಇದು. ಮಂಜರಿ ಏನಾರ ಕಿತ್ತಾಳೇನು?”

ಅಂಗೈ ಮುಚ್ಚಿಕೊಂಡೆ. “ಬಸ್ಸಿನ ಕುಲುಕಾಟಕ್ಕ ಬಿದ್ದಿರಬೇಕು” ಎಂದೆ. “ಒಂದು ಕೊಟ್ಟಿರು” ಎಂದು ಜೇಬಿನಲ್ಲಿ ಹಾಕಿಕೊಂಡೆ.

ಮನೆಗೆ ಬಂದು ದೇವರ ಮನೆಯ ಭರಣಿಯಲ್ಲಿ ಬೆರಳಾಡಿಸಿದೆ. ಬೆರಳು ಕೆಂಪಾಯಿತು, ಟೊಪ್ಪಿಗೆ ಇಲ್ಲ. ಇದು ದಿನಬಳಕೆಯ ಹಿತ್ತಾಳೆಯ ಭರಣಿ. ಬೆಳ್ಳಿಯದನ್ನು ಅಕ್ಕ ಹಬ್ಬ ಮುಗಿಸಿ ಟ್ರಂಕಿನಲ್ಲಿಟ್ಟಿದ್ದಾಳೆ. ಇರಲಿ. ಜೇಬಿನಲ್ಲಿ ಹೊಸದಿದೆ. ನಾಳೆ ಯಾರೂ ಇಲ್ಲದಾಗ ಹಾಕಿಬಿಡುತ್ತೇನೆ. ಆಮೇಲೆ ಎಲ್ಲರ ಮುಂದೆ ಗುಂಡಿ ಒತ್ತಿ, ‘ನೋಡ್ರಿ, ಖಂಡಪ್ಪನ ಕೈಗುಣ!’ ಎಂದರೆ ಆಯಿತು. ಅಕ್ಕಲಕೋಟೆಯಿಂದ ಹೋಟಗಿಯವರೆಗೆ ಹೆಸರು.

ಮಂಜರಿ ಕೇಳಿದಳು, ಕೌಶಿಕ ಏನೆಂದ ಎಂದು. ವಿಚಾರ ಮಾಡಿ ಹೇಳುತ್ತಾನಂತೆ ಎಂದೆ. ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು.

ಒಂದೇ ದಿನದ ಮಾತು.

೨೬ ಅಕ್ಟೋಬರ್, ರವಿವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಮಧ್ಯಾಹ್ನ ಅಕ್ಕ, ಮಂಜರಿ ಇಬ್ಬರೂ ಚಕ್ಕುಲಿಯ ಹಿಟ್ಟು ಬೀಸಿಸಲು ಗಿರಣಿಗೆ ಹೋದರು. ಭಾವ ಮಲಗಿದ್ದರು. ನಾನು ಪೆಟ್ಟಿಗೆ ಬಿಚ್ಚಿದೆ. ಡಿಸ್ಕಿನ ಬೆನ್ನಿಗೆ ತಂತಿಮೊಳೆಗಳ ನಾಲ್ಕು ಜೋಡಿ. ಟೊಪ್ಪಿಗೆ ಯಾವುದಕ್ಕೆ ಹಾಕಬೇಕು? ಡಿಸ್ಕಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಸಾಸಿವೆಯಂಥ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಸಣ್ಣ ಚಿತ್ರ. ಬೆರಳಿಟ್ಟು ಹುಡುಕಿದೆ. ಎರಡು ಗುಡ್ಡ, ಆಮೇಲೆ ಹಾವು, ತಕ್ಕಡಿಯ ಕಟ್ಟಿಗೆ. ಮಾಸ್ಟರ್! ಓದಿಬಿಟ್ಟೆ. ಚಿತ್ರದಲ್ಲಿದ್ದ ಹಾಗೆ ಕೊನೆಯ ಜೋಡಿಗೆ ಟೊಪ್ಪಿಗೆ ಹಾಕಿದೆ. ಸೀಡಿಗೂ ತಂತಿ ಚುಚ್ಚಿದೆ. ಗುಂಡಿ ಒತ್ತಿ, ಡಿಲೀಟ್ ಹಿಡಿದು, ನೀಲಿ ಪರದೆಯಲ್ಲಿ ಹುಡುಕು ಎಂದೆ. ಮೊದಲನೇ ಸಾಲಿನಲ್ಲಿ ಡಿಸ್ಕ್. ಅದರ ಕೆಳಗೆ ಸೀಡಿ. ಇಬ್ಬರೂ ಹಾಜರು.

ಒಬ್ಬನೇ ಕುಣಿದೆ. ಕುಣಿಯುವಾಗಲೇ ಪಡಸಾಲೆಯಲ್ಲಿ ಮಾತು ಕೇಳಿಸಿತು. ಗಿರಣಿಯಿಂದ ಬಂದಿದ್ದರು, ಭಾವ ಎದ್ದಿದ್ದರು.

“ಅಪ್ಪಾ, ಪಾಡವ್ಯಾದ ತನಕಾ ಕಾಯೂದು ಬ್ಯಾಡ. ಕಲ್ಲಣ್ಣಗ ಹೂಂ ಅಂದುಬಿಡ್ರಿ.” ಮಂಜರಿಯ ದನಿ.

“ಯಾಕವ್ವಾ?”

“ನಾನೇ ಏನೋ ಕೆಡಿಸೀನಿ. ಕೌಶಿಕನ ಅಂಗಡ್ಯಾಗ ಬರೋಬರ್ ಇತ್ತು. ನನ್ನ ಕೈಗೆ ಬಂದ ಮ್ಯಾಲೇ ಹಿಂಗಾತು. ಕೌಶಿಕಗೂ ತಿಳೀವಲ್ದು. ಆರು ತಿಂಗಳು ಕಲ್ತು ಒಂದು ವಿಂಡೋಸ್ ಹಾಕಾಕ ಬರ್ಲಿಲ್ಲಂದ್ರ ನಾಳೆ ಮಂದಿ ಕೆಲಸ ಹೆಂಗ ಹಿಡೀಲಿ? ನಾ ಪರೀಕ್ಷಾಕ್ಕ ಓದ್ತೀನಿ.”

ಅಕ್ಕ ಏನೋ ಅಂದಳು, ಕೇಳಿಸಲಿಲ್ಲ. ಭಾವ ಕೆಮ್ಮಿದರು.

ಯಂತ್ರ ನನ್ನ ಮುಂದೆ ನೀಲಿಯಾಗಿ ಹೊಳೆಯುತ್ತಿತ್ತು. ಆ ಹೊತ್ತಿಗೆ ಎಲ್ಲರನ್ನೂ ಕೂಗಿ ತೋರಿಸಬಹುದಿತ್ತು. ಅದನ್ನೇ ಮಾಡಲು ಎದ್ದೆ. ಆಮೇಲೆ ಏನಾಯಿತೋ ಗೊತ್ತಿಲ್ಲ, ಗುಂಡಿ ಆರಿಸಿ, ಹಾಕಿದ ಟೊಪ್ಪಿಗೆಯನ್ನು ಮತ್ತೆ ಕಿತ್ತೆ. ಸೊಂಟ ಹಿಡಿದುಕೊಂಡಿತು, ಆ ಮೂಲೆಯಲ್ಲಿ ಬಗ್ಗುವುದು ಅಷ್ಟು ಸುಲಭವಲ್ಲ. ಪಡಸಾಲೆಗೆ ಹೋಗಿ ಮಂಜರಿಯ ಕೈಯಲ್ಲಿಟ್ಟೆ.

“ಇದು ಡಿಸ್ಕಿನ ಬೆನ್ನ ಮ್ಯಾಲೆ ಇರಬೇಕು. ಇದಕ್ಕ ಜಂಪರ್ ಅಂತಾರಂತ. ನೀ ಏನೂ ಕೆಡಿಸಿಲ್ಲ. ಖಂಡೇನವಮಿ ದಿವಸ ನೀವೆಲ್ಲಾ ಗುಡಿಗೆ ಹೋದಾಗ ನಾ ಡಿಸ್ಕ್ ತಗದು ಪೂಜಾಕ್ಕ ಕೂಡಿಸಿದ್ದೆ. ಲಾಳಿ ಕೂಡಿಸ್ತಾರಲ್ಲ, ಹಂಗ. ಇಂಥಾದೇ ಒಂದು ಇತ್ತು. ಕಂಪನಿಯವರ ಬಿರಡಿ ಅಂತ ನಾನೇ ಕಿತ್ತೆ.”

ಅಕ್ಕ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿದಳು. ಭಾವ ಎದ್ದು ನಿಂತರು.

“ಕೂಸು ಹದಿನೈದು ದಿವಸ ತನ್ನ ಮ್ಯಾಲೆ ತಪ್ಪು ಹೊತ್ತು ತಿರುಗ್ಯಾಡತಿತ್ತು. ನೀ ನೋಡಿಕೊಂತ ಹೋಳಿಗಿ ತಿಂದ್ಯಲ್ಲೋ?”

“ಅದರಿಂದ ಅಂತ ನನಗ ನಿನ್ನೆ ತನಕಾ ಗೊತ್ತಿರಲಿಲ್ರಿ ಭಾವ.”

“ನಿನ್ನೆ ಗೊತ್ತಾತಲ್ಲ?”

“ಆತ್ರಿ” ಎಂದೆ.

ಮಂಜರಿ ಟೊಪ್ಪಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬಯ್ಯುತ್ತಾಳೆ ಎಂದು ತಲೆ ತಗ್ಗಿಸಿದೆ.

“ಕುಂಕುಮ ಗಾಳೀಗೆ ಬಂದಿತ್ತಲ್ಲ ಮಾಮಾ?” ಎಂದಳು. ಆಮೇಲೆ, “ಸ್ಕ್ರೂಡ್ರೈವರ್ ಎಲ್ಲಿಟ್ಟಿ?”

ಯಾವ ಜೋಡಿಗೆ ಹಾಕಬೇಕೆಂದು ನಾನು ಹೇಳಲಿಲ್ಲ. ಅವಳು ಒಂದೇ ನೋಟಕ್ಕೆ ಓದಿ ಹಾಕಿದಳು. ಮೊದಲನೇ ಸಾಲಿನಲ್ಲಿ ಡಿಸ್ಕ್, ಕೆಳಗೆ ಸೀಡಿ. ಅಕ್ಕ ಚಪ್ಪಾಳೆ ತಟ್ಟಿದಳು. “ವಿಂಡೋಸ್‌ಗೆ ಪಾಡವ್ಯಾದ ಮುಹೂರ್ತ ನೋಡೂಣೇನು?” ಎಂದು ಅಕ್ಕ ನನ್ನನ್ನೇ ಕೇಳಿದಳು.

“ಬ್ಯಾಡಕ್ಕಾ. ಮುಹೂರ್ತ ನೋಡಿದ್ದು ಸಾಕು. ಈಗ ಹಾಕ್ಲಿ.”

ಡಿಸ್ಕನ್ನು ಭಾಗ ಮಾಡಿ ಹಸನು ಮಾಡುವುದಕ್ಕೇ ಸಂಜೆಯಾಯಿತು. ಹೊಲ ಹರಗಿದ ಹಾಗೆ, ಆಮೇಲೆ ಬಿತ್ತನೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಮಂಜರಿ ನಕ್ಕಳು. “ಇದು ನೀ ಮಾಡಿದ್ದಲ್ಲ, ಹೌದಲ್ಲ?”

೨೭ ಅಕ್ಟೋಬರ್, ಸೋಮವಾರ

ಅಂಗಡಿಯ ಸೇಠರಿಗೆ ಹೇಳಿ ಬೇಗ ಬಂದೆ. ಹೊಟ್ಟೆನೋವು ಎನ್ನಲಿಲ್ಲ, ಅಕ್ಕನ ಮಗಳ ಕಂಪ್ಯೂಟರ್ ನೋಡಬೇಕು ಎಂದೆ. ಹೋಗು ಎಂದರು. ಇಷ್ಟು ಸುಲಭ ಎಂದು ಹನ್ನೊಂದು ವರ್ಷ ಗೊತ್ತಿರಲಿಲ್ಲ.

ಬಿತ್ತನೆ ನಡೆದಿತ್ತು. ಪರದೆಯ ಕೆಳಗೆ ನೂರಕ್ಕೆ ಎಷ್ಟಾಯಿತು ಎಂದು ಅಂಕಿ ಬರುತ್ತದೆ. ಮೂವತ್ತೆಂಟು ಆಗಿದ್ದಾಗ ಭಾವ ಕಚೇರಿಯಿಂದ ಬಂದರು, ಬೂಟು ಬಿಚ್ಚದೆ ಕುರ್ಚಿ ಎಳೆದುಕೊಂಡು ಕೂತರು. ಅರವತ್ತಕ್ಕೆ ಬಹಳ ಹೊತ್ತು ನಿಂತಿತು.

“ನಿಂತು ಬಿಡ್ತೇನು?” ಎಂದರು, ತುಸು ಗಾಬರಿಯಿಂದ.

“ಇಲ್ರಿ ಅಪ್ಪಾ, ವಿಚಾರ ಮಾಡಾಕತ್ತದ.”

“ನಮ್ಮ ಕಚೇರಿಗಿಂತ ಜಲ್ದಿ ಅದ.”

ಅರವತ್ತೊಂದಾಯಿತು. ಭಾವ ಉಸಿರು ಬಿಟ್ಟಿದ್ದು ನನಗೂ ಕೇಳಿಸಿತು. ನೂರಾದ ಮೇಲೆ ಯಂತ್ರ ತಾನೇ ಆರಿ ತಾನೇ ಹೊತ್ತಿತು. ಮೋಡ ಬಂತು, ಬಣ್ಣದ ಕಿಟಕಿ ಬಂತು. ಮಂಜರಿ ಕುರ್ಚಿಯಿಂದ ಎದ್ದು ಗೋಡೆಗೆ ಆತು ನಿಂತಳು. ಅಳುತ್ತಿದ್ದಳೋ ನಗುತ್ತಿದ್ದಳೋ, ನಾನು ಆ ಕಡೆ ನೋಡಲಿಲ್ಲ.

ಭಾವ ಕಲ್ಲಣ್ಣನ ಮನೆಗೆ ತಾವೇ ಹೋಗಿಬಂದರು. ಕೋಣೆ ಇಲ್ಲ ಎಂದು ಹೇಳಲು.

೩೦ ಅಕ್ಟೋಬರ್, ಲಕ್ಷ್ಮೀಪೂಜೆ

ಅಕ್ಕ ಟ್ರಂಕಿನಿಂದ ಬೆಳ್ಳಿಯ ಭರಣಿ ತೆಗೆದು ಹೊಸ ಕುಂಕುಮ ಹಾಕಲು ಬೋರಲು ಹಾಕಿದಳು. “ಖಂಡೂ, ನಿನ್ನ ಬ್ಯಾಳಿ ಸಿಕ್ತು ನೋಡು!” ಎಂದು ಕೂಗಿದಳು. ಕರಿ ಟೊಪ್ಪಿಗೆ ಪೂರ್ತಿ ಕೆಂಪಾಗಿತ್ತು. ಮಂಜರಿ ಅದನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಮಂಜರಿಯ ಕಂಪ್ಯೂಟರಿನ ಮೇಜಿನ ಖಾನೆಯಲ್ಲಿಟ್ಟಳು. ಬೇಕಾಗುತ್ತದೆ ಎಂದಳು. ಜೊತೆಗೆ ನಾನು ಉಳಿಸಿದ್ದ ತಿರುಪನ್ನೂ ಕೊಟ್ಟೆ. ಅದೂ ಬೇಕಾಗಿದ್ದದ್ದೇ ಅಂತೆ.

೧ ನವೆಂಬರ್, ಪಾಡವ್ಯಾ

ಅರ್ಧ ಮುಹೂರ್ತಕ್ಕೆ ಅಂಗಡಿ ಚಾಲೂ ಆಯಿತು. ಭಾವ ಬೀಗದ ಕೈಗೆ ಅರಿಶಿನ ಹಚ್ಚಿ ಅವಳ ಕೈಗೆ ಕೊಟ್ಟರು. ಕಲ್ಲಣ್ಣ ಬಂದು ಎರಡು ತೆಂಗಿನಕಾಯಿ ಒಡೆದ, “ಇಲಿ ಎಲ್ಲಿ ಅವ?” ಎಂದು ನನ್ನನ್ನು ಕೇಳಿದ. ಹನ್ನೂರಿನ ಶಾಲೆಯವರು ಸಮ್ಮೇಳನದ ಬರಹ ಕಳಿಸಿದ್ದಾರೆ.

ಆದರೆ ಮೊದಲು ಅಚ್ಚಾದದ್ದು ಅದಲ್ಲ. ಮಂಜರಿ ಬೆಳಿಗ್ಗೆಯೇ ಜೊತೆಗೆ ಕೊಂಡ ಪ್ರಿಂಟರಿನಲ್ಲಿ ದೊಡ್ಡ ಕನ್ನಡ ಅಕ್ಷರದ ಒಂದು ಹಾಳೆ ತೆಗೆದು ಕಂಪ್ಯೂಟರಿನ ಹಿಂದಿನ ಗೋಡೆಗೆ ಅಂಟಿಸಿದ್ದಳು:

‘ಖಂಡೇನವಮಿಯ ಪೂಜೆ ಹೊರಗಿನಿಂದ ಮಾತ್ರ. ಆಜ್ಞೆಯ ಮೇರೆಗೆ.’

ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ: ‘ದೋಷ ಹುಡುಕಲು ನೆರವಾದವರು: ಖಂಡಪ್ಪ ಮಾಮಾ.’

“ದೋಷ ಮಾಡಿದವರು ಅಂತನೂ ಹಾಕಬೇಕಿತ್ತು” ಎಂದೆ.

“ಜಾಗಾ ಸಾಲಲಿಲ್ಲ” ಎಂದಳು.

೪ ನವೆಂಬರ್, ಮಂಗಳವಾರ

ಹಬ್ಬ ಮುಗಿಯಿತು, ಚಾದರ ಅಂಗಡಿಗೆ ಹೊರಟೆ. ಜೇಬಿನಲ್ಲಿ ಕೌಶಿಕನಿಗೆ ಚಕ್ಕುಲಿ. ಟೊಪ್ಪಿಗೆಯನ್ನು ಕಿತ್ತವರು ಯಾರೆಂದು ಅವನಿಗೂ ಹೇಳಬೇಕು, ಇಲ್ಲದಿದ್ದರೆ ಮಂಜರಿಯೆಂದೇ ತಿಳಿದಿರುತ್ತಾನೆ.

ವಳಸಂಗದಲ್ಲಿ ಹಣಮಂತಪ್ಪ ಹತ್ತಿದ. “ಎಷ್ಟು ದಿವಸ ಆತೋ ಕಥೀ ಕೇಳಿ!” ಎಂದ. ಖಂಡೇನವಮಿಯಿಂದ ಶುರುಮಾಡಿ ಕುರಿಯ ಕೆಮ್ಮು, ಗಾಳಿಗೆ ಬಂದ ಕುಂಕುಮ, ಭಾವನ ಬೈಗುಳ, ಕುಂಕುಮದಲ್ಲಿ ಸಿಕ್ಕ ಬೇಳೆ, ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಮುಂದಿನ ಸೀಟಿನವರೂ ತಿರುಗಿ ಕೂತರು. ಕಂಡಕ್ಟರ್ ಟಿಕೀಟು ಹರಿಯುವುದನ್ನು ನಿಲ್ಲಿಸಿದ. ಬಸ್ಸಿನ ಮಂದಿ ಇಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಸೊಲ್ಲಾಪುರ ಬಂತು. ಹಣಮಂತಪ್ಪ ಕಣ್ಣೊರೆಸಿಕೊಂಡು ಕೇಳಿದ, “ಖಂಡಪ್ಪ, ಹನ್ನೊಂದು ವರ್ಷದಾಗ ನೀ ಗೆಲ್ಲದ ಕಥೀ ಇದೊಂದೇ ನೋಡು. ಹಿಂಗ್ಯಾಕೋ?”

ಹೌದಲ್ಲ ಎನಿಸಿತು.

“ಸಂಜಿ ಬಸ್ಸಿನ್ಯಾಗ ಮತ್ತೊಮ್ಮೆ ಹೇಳು” ಎಂದು ಇಳಿದು ಹೋದ. “ಕಿಡಕೀ ಸೀಟು ನಿನಗ ಹಿಡದಿರ್ತೀನಿ.”